ತಾಯಿ ಕೊಡಲಾಗದ ರಕ್ಷೆ



ಕೆಲವು ವರ್ಷಗಳ ಹಿಂದೆ ಒಂದು ಸಂಜೆ ಐದು ತಿಂಗಳ ಗರ್ಭಿಣಿಯೊಬ್ಬಳು ಗುರುನಿವಾಸಕ್ಕೆ ಬಂದಳು. ಕೈಯಲ್ಲಿ ತಾಯಿ ಕಾರ್ಡು, ಅದರೊಳಗೆ ನಾಲ್ಕು ಮಡಿಕೆ ಮಾಡಿ ಇಟ್ಟಿದ್ದ ರಕ್ತಪರೀಕ್ಷೆಯ ಚೀಟಿ. ಅದರಲ್ಲಿ ಹೆಪಟೈಟಿಸ್ ಬಿ ಎಂಬ ಹೆಸರಿನ ಮುಂದೆ ‘ಪಾಸಿಟಿವ್’ ಎಂದು ಬರೆದಿತ್ತು. ನೋಡಲು ಆರೋಗ್ಯವಾಗಿಯೇ ಇದ್ದಳು. ಕಣ್ಣಿನಲ್ಲಿ ಕಾಮಾಲೆಯ ಹಳದಿ ಇರಲಿಲ್ಲ, ಊಟ ನಿದ್ರೆಗಳಿಗೆ ಕೊರತೆ ಇರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದು ಆಮೇಲೆ ಹೇಳಿದಳು: “ಸ್ವಾಮಿ, ಮನೆಯಲ್ಲಿ ಅತ್ತೆ ನನ್ನ ತಟ್ಟೆ ಲೋಟ ಬೇರೆ ಇಟ್ಟಿದ್ದಾರೆ. ಅದನ್ನು ಹೇಗೋ ತಡೆದುಕೊಳ್ಳುತ್ತೇನೆ. ಆದರೆ ಹುಟ್ಟುವ ಕೂಸಿಗೆ ನನ್ನ ರಕ್ತದಿಂದಲೇ ಈ ರೋಗ ಅಂಟಿದರೆ ಆ ಪಾಪ ನನ್ನದೇ ಅಲ್ಲವೇ?”

ನಾನು ಅವಳಿಗೆ ಧೈರ್ಯ ಹೇಳಿದೆ, ವೈದ್ಯರನ್ನು ಕಾಣು ಎಂದೆ, ಪ್ರಾರ್ಥಿಸುತ್ತೇನೆ ಎಂದೆ. ಅವಳು ಹೋದ ಮೇಲೆ ಮಾತ್ರ ನನ್ನ ಮಾತುಗಳು ಅವಳ ಪ್ರಶ್ನೆಗೆ ಉತ್ತರವಾಗಿರಲಿಲ್ಲ ಎಂದು ಹೊಳೆಯಿತು. ತಾನು ಬೇಡದ, ತಾನು ತಿಳಿಯದ, ತನ್ನ ಇಚ್ಛೆಗೆ ಸೇರದ ಒಂದು ಕೇಡು ತನ್ನ ಮೂಲಕ ಮತ್ತೊಬ್ಬರಿಗೆ ತಲುಪಿದರೆ ಅದಕ್ಕೆ ನಾವು ಅಪರಾಧಿಗಳೇ? ಅಲ್ಲವೆಂದಾದರೆ ಆ ಕೇಡನ್ನು ತಡೆಯುವ ಹೊಣೆ ಯಾರದು? ಈ ಎರಡು ಪ್ರಶ್ನೆಗಳನ್ನು ನಾವು ಸಾಮಾನ್ಯವಾಗಿ ಒಂದೇ ಎಂದು ಭಾವಿಸುತ್ತೇವೆ. ಅವು ಬೇರೆ ಬೇರೆ ಎಂಬುದನ್ನು ನಾನು ಅರಿತದ್ದು, ನವಜಾತ ಶಿಶುವಿನ ದೇಹವು ಈ ವೈರಾಣುವನ್ನು ಹೇಗೆ ಎದುರುಗೊಳ್ಳುತ್ತದೆ ಎಂಬುದನ್ನು ಓದಿ ತಿಳಿದುಕೊಂಡ ಮೇಲೆ. ಆ ತಿಳಿವಳಿಕೆಯನ್ನು ನಿಮ್ಮೊಂದಿಗೆ ಹಂಚಿಕೊಳ್ಳಬಯಸುತ್ತೇನೆ.

ಹೆಪಟೈಟಿಸ್ ಬಿ ಯಕೃತ್ತಿಗೆ, ಅಂದರೆ ನಾವು ಲಿವರ್ ಎನ್ನುವ ಅಂಗಕ್ಕೆ, ತಗಲುವ ವೈರಾಣು. ಅಮೆರಿಕದ ವಿಜ್ಞಾನಿ ಬರೂಕ್ ಬ್ಲಂಬರ್ಗ್ ಅವರು ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಕಂಡ ಒಂದು ಅಪರಿಚಿತ ಪ್ರೋಟೀನಿನ ವಿಷಯವನ್ನು 1965ರಲ್ಲಿ ತಮ್ಮ ಸಹೋದ್ಯೋಗಿಗಳೊಂದಿಗೆ ಪ್ರಕಟಿಸಿದರು. ಅದು ಈ ವೈರಾಣುವಿನ ಹೊರಕವಚದ ಅಂಶವೆಂದು ಮುಂದೆ ತಿಳಿಯಿತು. 1976ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂದಿತು. ಅವರ ಜನ್ಮದಿನವಾದ ಜುಲೈ 28ನ್ನು ಇಂದು ವಿಶ್ವ ಹೆಪಟೈಟಿಸ್ ದಿನವನ್ನಾಗಿ ಆಚರಿಸಲಾಗುತ್ತದೆ. ಸೋಂಕಿತರ ರಕ್ತ, ಶುಚಿಗೊಳಿಸದ ಸೂಜಿ, ದೈಹಿಕ ಸಂಬಂಧ ಮತ್ತು ಹೆರಿಗೆ, ಇವೇ ಇದು ಹರಡುವ ಮುಖ್ಯ ದಾರಿಗಳು. ಒಂದೇ ತಟ್ಟೆಯಲ್ಲಿ ಉಣ್ಣುವುದರಿಂದಾಗಲಿ, ಒಂದೇ ಲೋಟದಲ್ಲಿ ನೀರು ಕುಡಿಯುವುದರಿಂದಾಗಲಿ, ಕೈಹಿಡಿದು ಮಾತನಾಡಿಸುವುದರಿಂದಾಗಲಿ ಇದು ಹರಡುವುದಿಲ್ಲ.

ಈ ರೋಗದ ವಿಷಯದಲ್ಲಿ ಮನಸ್ಸನ್ನು ಕಲಕುವ ಸಂಗತಿಯೊಂದಿದೆ. ಆರೋಗ್ಯವಂತ ವಯಸ್ಕರಿಗೆ ಈ ಸೋಂಕು ತಗಲಿದರೆ ನೂರರಲ್ಲಿ ತೊಂಬತ್ತೈದಕ್ಕೂ ಹೆಚ್ಚು ಜನ ಕೆಲವು ತಿಂಗಳಲ್ಲಿ ಅದನ್ನು ತಮ್ಮ ದೇಹಶಕ್ತಿಯಿಂದಲೇ ಗೆದ್ದು ಹೊರಬರುತ್ತಾರೆ. ಅದೇ ಸೋಂಕು ಹೆರಿಗೆಯ ವೇಳೆ ಶಿಶುವಿಗೆ ತಗಲಿದರೆ ನೂರರಲ್ಲಿ ಸುಮಾರು ತೊಂಬತ್ತು ಶಿಶುಗಳಲ್ಲಿ ಅದು ಬಾಳಿನುದ್ದಕ್ಕೂ ಉಳಿದುಬಿಡುತ್ತದೆ. ವೈರಾಣು ಅದೇ, ಆದರೆ ಅದನ್ನು ಎದುರುಗೊಳ್ಳುವ ದೇಹ ಬೇರೆ. ಶಿಶುವಾಗಿದ್ದಾಗ ಸೋಂಕು ಪಡೆದು, ಮುಂದೆಯೂ ಆರೈಕೆ ಚಿಕಿತ್ಸೆಗಳಿಲ್ಲದೆ ಹೋದವರಲ್ಲಿ ಕಾಲುಭಾಗದಷ್ಟು ಜನ ದಶಕಗಳ ನಂತರ ಯಕೃತ್ತು ಗಡುಸಾಗುವ ಸಿರೋಸಿಸ್‌ಗೆ ಅಥವಾ ಯಕೃತ್ತಿನ ಕ್ಯಾನ್ಸರಿಗೆ ತುತ್ತಾಗುತ್ತಾರೆ.

ಶಿಶುವಿನ ದೇಹ ಏಕೆ ಹೋರಾಡುವುದಿಲ್ಲ? ಕೂಸು ಬಲಹೀನ ಎಂಬುದು ನಮಗೆ ತಟ್ಟನೆ ಹೊಳೆಯುವ ಉತ್ತರ. ಆದರೆ ನಿಜಸಂಗತಿ ಅದಕ್ಕಿಂತ ಸೂಕ್ಷ್ಮವಾಗಿದೆ. ನಮ್ಮ ರೋಗನಿರೋಧಕ ವ್ಯವಸ್ಥೆಯ ಮೊದಲ ಕೆಲಸ ಹೋರಾಟವಲ್ಲ, ಗುರುತು ಹಿಡಿಯುವುದು. ಇದು ನನ್ನದು, ಇದು ಪರಕೀಯ ಎಂದು ವಿಂಗಡಿಸಿದ ಮೇಲೆಯೇ ಅದು ಆಯುಧ ಎತ್ತುತ್ತದೆ. ಗರ್ಭದಲ್ಲಿರುವ ಶಿಶು ಒಂಬತ್ತು ತಿಂಗಳು ತಾಯಿಯ ದೇಹದೊಂದಿಗೆ ಸಮಾಧಾನದಿಂದ ಬಾಳಬೇಕು. ತಾಯಿಯ ಜೀವಕೋಶಗಳು ಅಲ್ಪ ಪ್ರಮಾಣದಲ್ಲಿ ಶಿಶುವಿನ ದೇಹವನ್ನು ಸೇರುತ್ತವೆ. ಅವುಗಳ ಮೇಲೆ ಶಿಶು ಯುದ್ಧ ಹೂಡಿದರೆ ಇಬ್ಬರಿಗೂ ಅಪಾಯ. ಆದ್ದರಿಂದ ಶಿಶುವಿನ ರಕ್ಷಣಾ ವ್ಯವಸ್ಥೆ ಎದುರಿಸುವ ಮೊದಲು ಸಹಿಸಿಕೊಳ್ಳಲು ಕಲಿಯುತ್ತದೆ. ಜೀವ ಉಳಿಸುವ ಈ ಸಹನೆಯೇ ವೈರಾಣುವಿಗೆ ಬಾಗಿಲಾಗುತ್ತದೆ. ಅದರ ಒಂದು ಪ್ರೋಟೀನು ಮಾಸುವನ್ನು ದಾಟಿ ಹೆರಿಗೆಗೆ ಮುಂಚೆಯೇ ಶಿಶುವನ್ನು ತಲುಪಬಲ್ಲುದು, ಹಾಗೆ ತಲುಪಿ ಶಿಶುವಿನ ರಕ್ಷಕ ಕೋಶಗಳನ್ನು ಮರುಳುಗೊಳಿಸುತ್ತದೆ ಎಂಬುದು ವಿಜ್ಞಾನಿಗಳ ಒಂದು ಊಹೆ. ಆಮೇಲೆ ಹೆರಿಗೆಯ ವೇಳೆ ತಾಯಿಯ ರಕ್ತದೊಂದಿಗೆ ವೈರಾಣುವೇ ಬಂದಾಗ ಅದು ಶತ್ರುವಿನಂತೆ ಕಾಣದೆ ಮನೆಯವರಂತೆ ಕಾಣುತ್ತದೆ.

ಹಾಗೆಂದು ಈ ಶಿಶುಗಳು ರಕ್ಷಣೆಯೇ ಇಲ್ಲದವು ಎಂದು ತಿಳಿಯಬಾರದು. ಸೋಂಕಿತ ತಾಯಂದಿರ ನವಜಾತ ಶಿಶುಗಳ ಹೊಕ್ಕುಳಬಳ್ಳಿಯ ರಕ್ತವನ್ನು ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಅವುಗಳ ರಕ್ಷಕ ಕೋಶಗಳು ಬ್ಯಾಕ್ಟೀರಿಯಾಗಳ ವಿರುದ್ಧ ಇತರ ಶಿಶುಗಳ ಕೋಶಗಳಿಗಿಂತ ಚುರುಕಾಗಿ ವರ್ತಿಸಿದ್ದು ಕಂಡುಬಂದಿತು. ಕೂಸಿಗೆ ಶಕ್ತಿ ಇದೆ. ಈ ಒಂದು ಶತ್ರುವಿನ ಪರಿಚಯ ಮಾತ್ರ ಇಲ್ಲ. ಪರಿಚಯ ಮಾಡಿಸುವವರು ಬೇಕು, ಅದೂ ವೇಳೆ ಮೀರುವ ಮೊದಲು ಬೇಕು.

ಇನ್ನು ತಾಯಿಯ ವಿಷಯಕ್ಕೆ ಬರೋಣ. ಒಬ್ಬ ತಾಯಿ ತಾನು ಹಿಂದೆ ಗೆದ್ದ ರೋಗಗಳ ವಿರುದ್ಧದ ಪ್ರತಿಕಾಯಗಳನ್ನು, ಅಂದರೆ ರಕ್ತದಲ್ಲಿರುವ ರಕ್ಷಕ ಕಣಗಳನ್ನು, ಗರ್ಭದ ಕೊನೆಯ ತಿಂಗಳುಗಳಲ್ಲಿ ಮಾಸುವಿನ ಮೂಲಕ ಶಿಶುವಿಗೆ ಧಾರೆಯೆರೆಯುತ್ತಾಳೆ. ದಡಾರದಂತಹ ರೋಗಗಳಿಂದ ಕೂಸಿಗೆ ಮೊದಲ ಕೆಲವು ತಿಂಗಳು ರಕ್ಷಣೆ ದೊರೆಯುವುದು ಹೀಗೆ. ಆದರೆ ಹೆಪಟೈಟಿಸ್ ಬಿ ವೈರಾಣುವನ್ನು ದೀರ್ಘಕಾಲದಿಂದ ಹೊತ್ತಿರುವ ತಾಯಿಯ ದೇಹ ಅದನ್ನು ಗೆಲ್ಲುವ ಪ್ರತಿಕಾಯವನ್ನು ಮೈದುಂಬಿಸಿಕೊಂಡಿರುವುದಿಲ್ಲ. ತನ್ನಲ್ಲಿಲ್ಲದ್ದನ್ನು ಆಕೆ ಕೊಡುವುದಾದರೂ ಹೇಗೆ? ಅವಳ ದೇಹದಲ್ಲಿ ಅದು ಏಕಿಲ್ಲ ಎಂದು ಕೇಳುತ್ತಾ ಹೋದರೆ ಅನೇಕ ವೇಳೆ ಉತ್ತರ ಒಂದು ತಲೆಮಾರು ಹಿಂದಕ್ಕೆ ಸರಿಯುತ್ತದೆ. ಬಾಳಿನುದ್ದಕ್ಕೂ ಈ ಸೋಂಕನ್ನು ಹೊರುವವರಲ್ಲಿ ಬಹಳ ಜನ ಅದನ್ನು ಪಡೆದದ್ದು ಹೆರಿಗೆಯ ವೇಳೆ ಅಥವಾ ಎಳೆಯ ವಯಸ್ಸಿನಲ್ಲಿ. ನಮ್ಮ ಮುಂದೆ ಚೀಟಿ ಹಿಡಿದು ಕುಳಿತಿರುವ ಹೆಣ್ಣುಮಗಳೂ ಒಂದು ಕಾಲದಲ್ಲಿ ಗುರುತು ಹಿಡಿಯಲಾಗದ ಕೂಸೇ ಆಗಿದ್ದಿರಬಹುದು. ಅವಳ ತಾಯಿಯೂ ಹಾಗೆಯೇ ಇದ್ದಿರಬಹುದು.

ಹೀಗಿರುವಾಗ ಅಪರಾಧವನ್ನು ಯಾವ ತಲೆಮಾರಿನ ತಲೆಗೆ ಕಟ್ಟುತ್ತೀರಿ? ಹುಟ್ಟುಕುರುಡನನ್ನು ಕಂಡಾಗ ಶಿಷ್ಯರು ಯೇಸುಸ್ವಾಮಿಯನ್ನು ಕೇಳಿದ ಪ್ರಶ್ನೆ ನಿಮಗೆ ನೆನಪಿರಬಹುದು. ಪಾಪ ಮಾಡಿದವನು ಇವನೋ ಇವನ ಹೆತ್ತವರೋ ಎಂಬುದೊಂದೇ ಅವರಿಗೆ ಬೇಕಾಗಿತ್ತು. ಸ್ವಾಮಿ ಇಬ್ಬರ ಮೇಲೂ ಆ ಪಾಪವನ್ನು ಹೊರಿಸದೆ, ಹಗಲಿರುವಾಗಲೇ ಮಾಡಬೇಕಾದ ಕಾರ್ಯದ ಕಡೆಗೆ ಅವರ ಗಮನವನ್ನು ತಿರುಗಿಸಿದರು. ನಮ್ಮ ಮನೆಗಳಲ್ಲಿ ಇಂದಿಗೂ ಶಿಷ್ಯರ ಆ ಪ್ರಶ್ನೆಯೇ ಮೊದಲು ಏಳುತ್ತದೆ. “ಇದು ಯಾರ ಕಡೆಯಿಂದ ಬಂತು?” ಎಂದು ಎರಡು ಮನೆತನಗಳು ವಾದಿಸುತ್ತಿರುವಾಗ ಗಡಿಯಾರ ನಡೆಯುತ್ತಲೇ ಇರುತ್ತದೆ.

ಗಡಿಯಾರದ ಮಾತನ್ನು ಅಲಂಕಾರಕ್ಕಾಗಿ ಹೇಳಿದ್ದಲ್ಲ. ಕೂಸು ಹುಟ್ಟಿದ 24 ಗಂಟೆಗಳೊಳಗೆ ಹೆಪಟೈಟಿಸ್ ಬಿ ಲಸಿಕೆಯ ಮೊದಲ ಚುಚ್ಚುಮದ್ದು ಬೀಳಬೇಕು. ತಾಯಿಗೆ ಸೋಂಕು ಇರುವುದು ತಿಳಿದಿದ್ದರೆ ಅದರ ಜೊತೆಗೆ ಮತ್ತೊಂದು ತೊಡೆಗೆ ಇಮ್ಯುನೊಗ್ಲಾಬ್ಯುಲಿನ್ ಎಂಬ ಔಷಧವನ್ನೂ ಕೊಡುತ್ತಾರೆ. ಈ ಎರಡು ಔಷಧಗಳು ಮಾಡುವ ಕೆಲಸ ಬೇರೆ ಬೇರೆ. ಇಮ್ಯುನೊಗ್ಲಾಬ್ಯುಲಿನ್ ಎಂಬುದು ಈ ವೈರಾಣುವಿನ ವಿರುದ್ಧ ಪ್ರತಿಕಾಯವುಳ್ಳ ಬೇರೆ ಜನರ ರಕ್ತದಿಂದ ಪ್ರತ್ಯೇಕಿಸಿದ ರಕ್ಷಣೆ. ಹೆತ್ತ ತಾಯಿ ಕೊಡಲಾಗದ ರಕ್ಷೆಯನ್ನು ಹೆಸರು ತಿಳಿಯದ ಯಾರೋ ಕೊಟ್ಟಿರುತ್ತಾರೆ. ಅದು ಆ ಕ್ಷಣದಿಂದಲೇ ಕೆಲಸ ಮಾಡುತ್ತದೆ, ಆದರೆ ಎರವಲು ತಂದದ್ದಾದ್ದರಿಂದ ಕೆಲವು ತಿಂಗಳಲ್ಲಿ ಕರಗಿಹೋಗುತ್ತದೆ. ಲಸಿಕೆಯಾದರೋ ವೈರಾಣುವಿನ ಹೊರಕವಚದ ಪ್ರೋಟೀನನ್ನು ಮಾತ್ರ ಕೂಸಿನ ದೇಹಕ್ಕೆ ತೋರಿಸುತ್ತದೆ. ರೋಗ ತರುವ ಶಕ್ತಿ ಅದಕ್ಕಿಲ್ಲ. ವೈರಾಣುವನ್ನು ಸಹಿಸಿಕೊಳ್ಳಬಹುದಾಗಿದ್ದ ಅದೇ ಕೂಸು ಇದನ್ನು ಪರಕೀಯವೆಂದು ಗುರುತಿಸಿ ತನ್ನದೇ ಪ್ರತಿಕಾಯವನ್ನು ನಿಧಾನವಾಗಿ ಕಟ್ಟಿಕೊಳ್ಳುತ್ತದೆ. ಎರವಲು ರಕ್ಷಣೆ ತೀರುವ ಹೊತ್ತಿಗೆ ಸ್ವಂತ ರಕ್ಷಣೆ ಸಿದ್ಧವಾಗಿರುತ್ತದೆ. ಎರಡನ್ನೂ ವೇಳೆಗೆ ಕೊಟ್ಟು ಉಳಿದ ಚುಚ್ಚುಮದ್ದುಗಳನ್ನು ಪೂರ್ಣಗೊಳಿಸಿದರೆ ಇಂತಹ ನೂರು ಶಿಶುಗಳಲ್ಲಿ 85ರಿಂದ 95 ಶಿಶುಗಳಿಗೆ ಸೋಂಕು ತಗಲದಂತೆ ತಡೆಯಬಹುದು. ತಾಯಿಯ ರಕ್ತದಲ್ಲಿ ವೈರಾಣುಗಳ ಸಂಖ್ಯೆ ತುಂಬ ಹೆಚ್ಚಿದ್ದರೆ ಗರ್ಭಿಣಿಯಾಗಿದ್ದಾಗಲೇ ಟೆನೊಫೊವಿರ್ ಎಂಬ ಮಾತ್ರೆ ಕೊಟ್ಟು ಅಪಾಯವನ್ನು ಇನ್ನಷ್ಟು ತಗ್ಗಿಸುತ್ತಾರೆ.

ಇದೆಲ್ಲ ಸಾಧ್ಯ ಎಂದು ಇಡೀ ಜಗತ್ತಿಗೆ ತೋರಿಸಿಕೊಟ್ಟದ್ದು ತೈವಾನ್ ಎಂಬ ಪುಟ್ಟ ದ್ವೀಪ. ಅಲ್ಲಿ ಆರು ಏಳು ಜನ ವಯಸ್ಕರಲ್ಲಿ ಒಬ್ಬರಾದರೂ ಈ ಸೋಂಕನ್ನು ಹೊತ್ತಿದ್ದ ಕಾಲವೊಂದಿತ್ತು. ತಾಯಿಯಿಂದ ಮಗುವಿಗೆ ಸೋಂಕು ಹೇಗೆ ದಾಟುತ್ತದೆ ಎಂಬುದನ್ನು ಕ್ಲಾಡ್ ಸ್ಟೀವನ್ಸ್, ಪಾಮರ್ ಬೀಸ್ಲಿ ಮತ್ತು ಅವರ ಸಂಗಡಿಗರು ಅಲ್ಲಿನ ತಾಯಂದಿರನ್ನೂ ಶಿಶುಗಳನ್ನೂ ಅಧ್ಯಯನ ಮಾಡಿ 1975ರಲ್ಲಿ ಪ್ರಕಟಿಸಿದರು. 1984ರ ಜುಲೈ ತಿಂಗಳಲ್ಲಿ ತೈವಾನ್ ಸರ್ಕಾರ ಸೋಂಕಿತ ತಾಯಂದಿರ ಶಿಶುಗಳಿಗೆ ಲಸಿಕೆ ಕೊಡುವ ಕಾರ್ಯಕ್ರಮವನ್ನು ಆರಂಭಿಸಿತು. 1986ರಲ್ಲಿ ಅದನ್ನು ಎಲ್ಲ ನವಜಾತ ಶಿಶುಗಳಿಗೂ ವಿಸ್ತರಿಸಿತು. ರಾಜಧಾನಿ ತೈಪೆಯ ಮಕ್ಕಳಲ್ಲಿ 1984ರಲ್ಲಿ ನೂರಕ್ಕೆ 9.8ರಷ್ಟಿದ್ದ ಸೋಂಕು 1994ರ ವೇಳೆಗೆ 1.3ಕ್ಕೆ ಇಳಿಯಿತು. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಲ್ಲಿ ಯಕೃತ್ತಿನ ಕ್ಯಾನ್ಸರ್ ವರ್ಷಕ್ಕೆ ಲಕ್ಷಕ್ಕೆ 0.70ರಿಂದ 0.36ಕ್ಕೆ ಇಳಿದುದನ್ನು ಮೇ-ಹ್ವೇ ಚಾಂಗ್ ಎಂಬ ವೈದ್ಯೆ ಮತ್ತು ಅವರ ತಂಡದವರು 1997ರಲ್ಲಿ ವರದಿ ಮಾಡಿದರು. ಒಂದು ಲಸಿಕೆಯಿಂದ ಕ್ಯಾನ್ಸರನ್ನೂ ತಡೆಯಬಹುದು ಎಂಬುದಕ್ಕೆ ಇದು ಸಾಕ್ಷಿಯಾಯಿತು.

1984ರಿಂದ 1986ಕ್ಕೆ ತೈವಾನ್ ಇಟ್ಟ ಆ ಹೆಜ್ಜೆಯ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಮೊದಲು ಅಪಾಯ ಹೆಚ್ಚಿರುವ ಕೂಸುಗಳನ್ನು ಹುಡುಕಿ ಕೊಟ್ಟದ್ದು ನ್ಯಾಯವೇ. ಔಷಧ ಕಡಿಮೆ ಇರುವಾಗ ಅಗತ್ಯ ಹೆಚ್ಚಿರುವವರಿಗೆ ಮೊದಲ ಪಾಲು ಸಲ್ಲಬೇಕು. ಆದರೆ ಎಲ್ಲ ಕೂಸುಗಳಿಗೂ ಕೊಡತೊಡಗಿದಾಗ ಮತ್ತೊಂದು ಒಳಿತು ಒದಗಿತು. ಯಾರ ತಾಯಿಗೆ ಏನಿದೆ ಎಂದು ಕೇಳದೆಯೇ ಲಸಿಕೆ ಕೂಸನ್ನು ತಲುಪಿತು. ಪರೀಕ್ಷೆ ತಪ್ಪಿಹೋದ ತಾಯಿಯ ಕೂಸಿಗೂ ರಕ್ಷಣೆ ಸಿಕ್ಕಿತು. ಲಸಿಕೆ ಹಾಕಿಸಿದ ಮಾತ್ರಕ್ಕೆ ಯಾವ ತಾಯಿಯತ್ತಲೂ ಬೆರಳು ತೋರಿಸುವಂತಿರಲಿಲ್ಲ.

ಇಲ್ಲಿ ಎರಡು ಆಕ್ಷೇಪಗಳನ್ನು ನಾನು ಕೇಳಿದ್ದೇನೆ. ಎರಡಕ್ಕೂ ಪ್ರಾಮಾಣಿಕವಾಗಿ ಉತ್ತರ ಹೇಳಬೇಕು.

ಮೊದಲನೆಯದು ಅಜ್ಜಿಯಂದಿರದು. “ಇನ್ನೂ ಕಣ್ಣು ಬಿಡದ ಕೂಸಿಗೆ ಸೂಜಿಯೇ? ಮನೆಗೆ ಬರಲಿ, ಸ್ವಲ್ಪ ಮೈಕೈ ತುಂಬಿಕೊಳ್ಳಲಿ, ಆಮೇಲೆ ಹಾಕಿಸಿದರಾಯಿತು.” ಈ ಮಾತಿನ ಹಿಂದಿರುವ ವಾತ್ಸಲ್ಯವನ್ನು ನಾನು ಗೌರವಿಸುತ್ತೇನೆ. ಆದರೆ ಹೆರಿಗೆಯ ವೇಳೆ ದಾಟಿದ ವೈರಾಣು ನಮ್ಮ ವಾತ್ಸಲ್ಯಕ್ಕಾಗಿ ಕಾಯುವುದಿಲ್ಲ. ಕೂಸಿನ ಒಪ್ಪಿಗೆ ಕೇಳಲು ಆಗದು ಎಂಬುದು ನಿಜ. ಒಪ್ಪಿಗೆ ಇಲ್ಲದೆ ವೈರಾಣು ಅದರ ಯಕೃತ್ತಿನಲ್ಲಿ ನೆಲೆಸುವುದೂ ಅಷ್ಟೇ ನಿಜ. ನಾವು ಸುಮ್ಮನಿದ್ದರೂ ಅದರ ಪರವಾಗಿ ಒಂದು ತೀರ್ಮಾನ ತೆಗೆದುಕೊಂಡಂತೆಯೇ ಆಯಿತು. ನಲವತ್ತು ವರ್ಷದ ನಂತರ ಆ ಮಗು ನಮ್ಮನ್ನು ಕೇಳುವಂತಿದ್ದರೆ ಯಾವ ತೀರ್ಮಾನಕ್ಕೆ ನಮ್ಮಲ್ಲಿ ಉತ್ತರವಿದ್ದೀತು ಎಂಬುದನ್ನು ಯೋಚಿಸಬೇಕು.

ಎರಡನೆಯ ಆಕ್ಷೇಪ ಇನ್ನೂ ಕಠಿಣವಾದುದು. ಕೂಸನ್ನು ಉಳಿಸಬೇಕಾದರೆ ತಾಯಿಯನ್ನು ಪರೀಕ್ಷಿಸಬೇಕು. ಪರೀಕ್ಷಿಸಿದರೆ ಗುಟ್ಟು ಹೊರಬೀಳುತ್ತದೆ. ಹೊರಬಿದ್ದರೆ ಅವಳ ತಟ್ಟೆ ಬೇರೆಯಾಗುತ್ತದೆ. ಮಗುವಿನ ಒಳಿತಿಗಾಗಿ ತಾಯಿಯ ಮಾನವನ್ನು ಒತ್ತೆಯಿಡಬಹುದೇ? ನನ್ನ ಮಟ್ಟಿಗೆ ಇಲ್ಲಿ ಮಗುವಿಗೂ ತಾಯಿಗೂ ವಿರೋಧವಿಲ್ಲ. ತಾಯಿಗೂ ನೆರೆಹೊರೆಯ ನಾಲಗೆಗೂ ಇರುವ ವಿರೋಧ ಇದು. ಪರೀಕ್ಷೆಯ ಫಲಿತಾಂಶವನ್ನು ತಿಳಿಯಲೇಬೇಕಾದವರು ಕೆಲವರು ಮಾತ್ರ: ತಾಯಿ, ಅವಳಿಗೆ ಹೆರಿಗೆ ಮಾಡಿಸುವವರು, ಕೂಸನ್ನು ನೋಡುವ ವೈದ್ಯರು. ಗಂಡನೂ ಪರೀಕ್ಷೆ ಮಾಡಿಸಿಕೊಳ್ಳಬೇಕು, ಸೋಂಕಿಲ್ಲದಿದ್ದರೆ ಲಸಿಕೆ ಹಾಕಿಸಿಕೊಳ್ಳಬೇಕು. ಆದ್ದರಿಂದ ಅವನಿಗೂ ತಿಳಿಸುವುದು ಒಳಿತು. ಕೆಲವು ಮನೆಗಳಲ್ಲಿ ಸೋಂಕು ಅವನಿಂದಲೇ ಬಂದಿರುವುದೂ ಉಂಟು. ಇಷ್ಟನ್ನು ಮೀರಿ ಆ ಸುದ್ದಿಯನ್ನು ಸಾಗಿಸುವ ಹಕ್ಕು ಯಾರಿಗೂ ಇಲ್ಲ. ಆಸ್ಪತ್ರೆಯಲ್ಲಿ ದುಡಿಯುವ ನಮ್ಮವರು, ಪಕ್ಕದ ಮಂಚದ ಬಾಣಂತಿಯ ಬಂಧುಗಳು, ಗುರುಗಳಾದ ನಾವು, ಎಲ್ಲರೂ ಇದನ್ನು ನೆನಪಿಡಬೇಕು. ನಾಲಗೆಯನ್ನು ಹಿಡಿದಿಟ್ಟುಕೊಳ್ಳುವುದೂ ಆ ಕೂಸಿನ ರಕ್ಷಣೆಯ ಒಂದು ಭಾಗವೇ. ಏಕೆಂದರೆ ಅವಮಾನಕ್ಕೆ ಅಂಜಿದ ತಾಯಂದಿರು ಪರೀಕ್ಷೆಗೇ ಬರುವುದಿಲ್ಲ.

ಈಗ ಆರಂಭದ ಪ್ರಶ್ನೆಗಳಿಗೆ ಹಿಂದಿರುಗೋಣ. ಅಪರಾಧಕ್ಕೆ ಅರಿವು ಬೇಕು, ಇಚ್ಛೆ ಬೇಕು. ಆ ತಾಯಿಯಲ್ಲಿ ಎರಡೂ ಇರಲಿಲ್ಲ. ಅಪರಾಧ ಹಿಂದಿನದನ್ನು ಕೇಳುತ್ತದೆ, ಹೊಣೆ ಮುಂದಿನದನ್ನು ಕೇಳುತ್ತದೆ. ಕೇಡಿಗೆ ಕಾರಣರಲ್ಲದವರೂ ಅದನ್ನು ತಡೆಯಬಲ್ಲವರಾಗಿದ್ದರೆ ಹೊಣೆ ಅವರ ಮೇಲೆ ಬೀಳುತ್ತದೆ. ಲಸಿಕೆ ಇಲ್ಲದ ಕಾಲದಲ್ಲಿ ಇದು ದುರದೃಷ್ಟವಾಗಿತ್ತು. ಇಂದು ಲಸಿಕೆ ಕೈಗೆಟಕುವಂತಿದ್ದೂ ಒಂದು ಕೂಸಿಗೆ ಅದು ತಪ್ಪಿದರೆ ಅದನ್ನು ದುರದೃಷ್ಟವೆಂದು ಕರೆದು ನಾವು ಕೈತೊಳೆದುಕೊಳ್ಳಲಾಗದು. “ಯಾರದೂ ತಪ್ಪಿಲ್ಲ” ಎಂಬ ಮಾತು ತಾಯಿಗೆ ಸಾಂತ್ವನವಾಗಬೇಕೇ ಹೊರತು ಉಳಿದವರಿಗೆ ನೆಪವಾಗಬಾರದು.

ನಮ್ಮ ದೇಶದಲ್ಲಿ ಈ ಹೊಣೆ ಇನ್ನೂ ಪೂರ್ಣವಾಗಿ ಸಂದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2022ರಲ್ಲಿ ಜಗತ್ತಿನಲ್ಲಿ 25 ಕೋಟಿಗೂ ಹೆಚ್ಚು ಜನ ಈ ಸೋಂಕಿನೊಂದಿಗೆ ಬಾಳುತ್ತಿದ್ದರು. ಭಾರತದಲ್ಲಿ ಅವರ ಸಂಖ್ಯೆ ಸುಮಾರು 2.98 ಕೋಟಿ. ಅದೇ ವರ್ಷ ಜಗತ್ತಿನ ನವಜಾತ ಶಿಶುಗಳಲ್ಲಿ ಅರ್ಧಕ್ಕಿಂತ ಕಡಿಮೆ ಶಿಶುಗಳಿಗೆ ಮಾತ್ರ ಹುಟ್ಟಿದ ದಿನದ ಲಸಿಕೆ ದೊರೆತಿತ್ತು. ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಹೆಪಟೈಟಿಸ್ ಬಿ ಲಸಿಕೆ 2002ರ ಸುಮಾರಿಗೆ ಪ್ರಾಯೋಗಿಕವಾಗಿ ಆರಂಭವಾಗಿ 2011ರಲ್ಲಿ ದೇಶವ್ಯಾಪಿಯಾಯಿತು. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಗರ್ಭಿಣಿಯರ ಪರೀಕ್ಷೆ ಮತ್ತು ಸೋಂಕಿತ ತಾಯಂದಿರ ಶಿಶುಗಳಿಗೆ ಇಮ್ಯುನೊಗ್ಲಾಬ್ಯುಲಿನ್ ಉಚಿತವಾಗಿ ಒದಗಿಸುವ ಏರ್ಪಾಡು ಇದೆ. ಏರ್ಪಾಡು ಇದ್ದರೆ ಸಾಲದು, ಅದನ್ನು ಕೇಳಿ ಪಡೆಯುವವರು ಬೇಕು. ಆದ್ದರಿಂದ ನಿಮ್ಮ ಮನೆಯಲ್ಲಿ ಗರ್ಭಿಣಿಯಿದ್ದರೆ ಈ ಪರೀಕ್ಷೆ ಆಗಿದೆಯೇ ಎಂದು ಮೊದಲ ತಿಂಗಳುಗಳಲ್ಲೇ ವಿಚಾರಿಸಿರಿ. ಸೋಂಕು ಕಂಡರೆ ಹೆರಿಗೆಗೆ ಮುಂಚೆಯೇ ಇಮ್ಯುನೊಗ್ಲಾಬ್ಯುಲಿನ್ ಸಿದ್ಧವಿರುವಂತೆ ನೋಡಿಕೊಳ್ಳಿರಿ. ಕೂಸು ರಾತ್ರಿ ಹುಟ್ಟಲಿ, ಭಾನುವಾರ ಹುಟ್ಟಲಿ, ಹಬ್ಬದ ದಿನ ಹುಟ್ಟಲಿ, ಮೊದಲ ಚುಚ್ಚುಮದ್ದನ್ನು ಮರುದಿನಕ್ಕೆ ತಳ್ಳಬೇಡಿರಿ. ಆರು, ಹತ್ತು, ಹದಿನಾಲ್ಕನೆಯ ವಾರದ ಲಸಿಕೆಗಳನ್ನು ತಪ್ಪಿಸಬೇಡಿರಿ. ಒಂಬತ್ತು ತಿಂಗಳು ತುಂಬಿದ ಮೇಲೆ ವೈದ್ಯರ ಸಲಹೆಯಂತೆ ಕೂಸಿನ ರಕ್ತವನ್ನು ಪರೀಕ್ಷಿಸಿ ರಕ್ಷಣೆ ಮೂಡಿದೆಯೇ ಎಂದು ತಿಳಿಯಿರಿ. ಲಸಿಕೆ ಪಡೆದ ಕೂಸಿಗೆ ತಾಯಿ ನಿಶ್ಚಿಂತೆಯಿಂದ ಎದೆಹಾಲು ಕೊಡಬಹುದು. ಕೂಸಿನ ಚಿಂತೆಯಲ್ಲಿ ತಾಯಿಯ ಯಕೃತ್ತನ್ನು ಮರೆಯಬೇಡಿರಿ. ಅವಳಿಗೂ ಕಾಲಕಾಲಕ್ಕೆ ತಪಾಸಣೆ ಬೇಕು.

ಆ ಹೆಣ್ಣುಮಗಳು ಹೆರಿಗೆಯಾಗಿ ಒಂದು ವರ್ಷದ ಮೇಲೆ ಮಗುವನ್ನು ಎತ್ತಿಕೊಂಡು ಬಂದಳು. ಹುಟ್ಟಿದ ದಿನವೇ ಎರಡೂ ಚುಚ್ಚುಮದ್ದುಗಳು ಬಿದ್ದಿದ್ದವು. ಆಗಷ್ಟೇ ಬಂದಿದ್ದ ವರದಿಯಲ್ಲಿ ಮಗುವಿಗೆ ಸೋಂಕಿಲ್ಲ, ರಕ್ಷಣೆ ಮೂಡಿದೆ ಎಂದಿತ್ತು. ತವರಿನಲ್ಲಿ ತಾಯಿಯನ್ನೂ ತಂಗಿಯರನ್ನೂ ಪರೀಕ್ಷೆಗೆ ಕರೆದುಕೊಂಡು ಹೋಗಿದ್ದೇನೆ ಎಂದಳು. ಸಂತೋಷದಿಂದ ಮಗುವಿನ ಹಣೆ ಮುಟ್ಟಿ ಆಶೀರ್ವದಿಸಿ, ಮನೆಯಲ್ಲಿ ಈಗ ಹೇಗಿದೆ ಎಂದು ಕೇಳಿದೆ. “ಮಗುವನ್ನು ಅತ್ತೆ ನೆಲಕ್ಕೆ ಬಿಡುವುದಿಲ್ಲ ಸ್ವಾಮಿ. ನನ್ನ ತಟ್ಟೆ ಮಾತ್ರ ಇನ್ನೂ ಬೇರೆಯೇ ಇದೆ” ಎಂದು ಮೆಲ್ಲನೆ ನಕ್ಕಳು.

ಮುಂದಿನ ಭಾನುವಾರ ಪೂಜೆಯ ನಂತರ ನಾನು ಆ ಅತ್ತೆಯನ್ನು ಕಂಡು ಮಾತನಾಡಿದೆ. ಒಂದೇ ಸಲಕ್ಕೆ ಒಪ್ಪಲಿಲ್ಲ. ಮತ್ತೆ ಮಾತನಾಡಬೇಕಾಯಿತು. ಓದುಗರೇ, ನಿಮ್ಮ ಮನೆಯಲ್ಲಿ, ನಿಮ್ಮ ಬೀದಿಯಲ್ಲಿ ಹೀಗೆ ಬೇರೆ ಇಟ್ಟ ತಟ್ಟೆಯೊಂದಿದ್ದರೆ ಇಂದಿನ ಊಟಕ್ಕೇ ಅದನ್ನು ಉಳಿದ ತಟ್ಟೆಗಳ ಜೊತೆಗೆ ತಂದಿಡಿರಿ.